ಏಳನೆಯ ಗೇಟಿನ ಬಾಕಿ

ಪ್ರತಿದಿನ ಮಧ್ಯಾಹ್ನ ನಾಲ್ಕು ಗಂಟೆಗೆ ತಕ್ಕಡಿ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಿತ್ತು: "ಸರ್ಕಾರ ಯಾರಿಗಾದರೂ ಏನಾದರೂ ಕೊಡುವುದು ಬಾಕಿ ಇದೆಯೇ?"

ಪರದೆಯ ಕೆಳಗೆ ಎರಡು ಗುಂಡಿಗಳು. ಹಸಿರಿನದು 'ಇಲ್ಲ', ಕೆಂಪಿನದು 'ಇದೆ'. ಆರು ವರ್ಷಗಳಲ್ಲಿ ನನ್ನ ಬೆರಳು ಹಸಿರು ಗುಂಡಿಯ ಬಣ್ಣವನ್ನು ತಿಂದುಹಾಕಿತ್ತು. ಕೆಂಪು ಗುಂಡಿ ತಂದಿಟ್ಟ ದಿನದ ಹಾಗೆಯೇ ಹೊಳೆಯುತ್ತಿತ್ತು. ಅದರ ಸುತ್ತಲಿನ ಸಂದಿಯಲ್ಲಿ ಧೂಳು ಕೂತರೆ ನಾನು ಬೆಂಕಿಕಡ್ಡಿಗೆ ಹತ್ತಿ ಸುತ್ತಿ ತೆಗೆಯುತ್ತಿದ್ದೆ. ಎಂದಾದರೂ ಬೇಕಾದಾಗ ಸಿಕ್ಕಿಕೊಳ್ಳಬಾರದಲ್ಲ. ನಮ್ಮ ಕಚೇರಿಯ ಮುಖ್ಯಸ್ಥರಾದ ನವಲಿ ಸರ್ ಅದನ್ನು ನೋಡಿ ನಗುತ್ತಿದ್ದರು. "ನೀಲಗಂಗಾ, ಅದನ್ನ ಯಾವ ಊರಾಗೂ ಯಾರೂ ಒತ್ತಿಲ್ಲ. ನೀನು ಮಾತ್ರ ದೀಪ ಹಚ್ಚೂದೊಂದು ಬಾಕಿ ಇಟ್ಟೀದಿ."

ತಕ್ಕಡಿ ಎನ್ನುವುದು ಜನರಿಟ್ಟ ಹೆಸರು. ಕಾನೂನಿನಲ್ಲಿ ಅದು ಸರಿತೂಕ ಯಂತ್ರ. ಹೋಬಳಿಗೊಂದು, ಅದಿದ್ದ ಕಚೇರಿಗೆ ತೂಕದ ಕೋಣೆ ಎಂದು ಹೆಸರು. ಸರ್ಕಾರಕ್ಕೆ ಆ ದಿನ ಬಂದದ್ದೆಷ್ಟೋ ಅಷ್ಟನ್ನೇ ಆ ದಿನ ಖರ್ಚು ಮಾಡಬೇಕು, ಒಂದು ಪೈಸೆ ಸಾಲ ಮಾಡಬಾರದು ಎಂಬುದು ಕಾನೂನು. ಮಂತ್ರಿಗಳ ಮಾತನ್ನು ನಂಬಿ ಕೆಟ್ಟಿದ್ದ ಜನ ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದ್ದರು. ಯಂತ್ರದೊಳಗೆ ಹತ್ತೊಂಬತ್ತು ಮೆಟ್ಟಿಲುಗಳಿದ್ದವು. ಹಣವನ್ನು ಮೇಲಿನಿಂದ ಸುರಿದರೆ ಆಸ್ಪತ್ರೆ, ಕುಡಿಯುವ ನೀರು, ಶಾಲೆ ಎಂದು ಒಂದೊಂದೇ ಮೆಟ್ಟಿಲನ್ನು ತುಂಬಿಕೊಂಡು ಇಳಿಯುತ್ತಿತ್ತು. ಆರನೆಯದು ದುರಸ್ತಿ. ಹದಿನಾಲ್ಕನೆಯದು ಮುದುಕರ ಪಿಂಚಣಿ, ಹದಿನೈದನೆಯದು ನಮ್ಮ ಸಂಬಳ, ಕೊನೆಯದು ಸಮಾರಂಭಗಳು. ಹಣ ಎಲ್ಲಿ ಮುಗಿಯಿತೋ ಅದರ ಕೆಳಗಿನ ಮೆಟ್ಟಿಲುಗಳು ಆ ದಿನ ಒಣಗಿಯೇ ಉಳಿಯುತ್ತಿದ್ದವು. ಹಾಗೆ ಒಣಗಿದ್ದಕ್ಕೆ ಕಡಿತ ಎಂದು ಹೆಸರು. ಕಡಿತ ಬಾಕಿಯಲ್ಲ, ಮರುದಿನ ಅದನ್ನು ಯಾರೂ ಕೇಳುವಂತಿರಲಿಲ್ಲ. ಹಿಂದಿನ ಸರ್ಕಾರದ ಹಳೆಯ ಸಾಲ ಹೊರಬಿದ್ದರೆ ಬರೆದುಕೊಳ್ಳಲೆಂದು ಕೆಂಪು ಗುಂಡಿ ಇಟ್ಟಿದ್ದರು. ಕಡಿತಕ್ಕೆ ಅದನ್ನು ಒತ್ತಬಾರದು ಎಂದು ನಮಗೆ ತರಬೇತಿಯಲ್ಲೇ ಹೇಳಿದ್ದರು.

ನಾನು ಹಸಿರು ಒತ್ತಿದ ಕಾಲು ಗಂಟೆಗೆ ಊರಿನ ಮುದುಕ ಮುದುಕಿಯರ ಫೋನುಗಳು ಒಟ್ಟಿಗೆ ಟಿಣ್ ಎನ್ನುತ್ತಿದ್ದವು. ಅಂದಿನ ಪಿಂಚಣಿ ಬಿದ್ದ ಸದ್ದು. ನಮ್ಮ ಹೊಳೆಮುದ್ದೂರಿನ ಕುಂಬಾರ ಓಣಿಯಲ್ಲಿ ಆ ಸದ್ದಿಗೇ ಚಹಾಕ್ಕೆ ನೀರಿಡುತ್ತಿದ್ದರು.

ನಮ್ಮ ಮನೆಯಲ್ಲಿ ಚಹಾಕ್ಕಿಡುವವರು ನನ್ನ ಅತ್ತೆ, ಗುರಸಿದ್ದವ್ವ. ಸರಿತೂಕದ ಕಾನೂನನ್ನು ಅವರಷ್ಟು ನಂಬಿದವರನ್ನು ನಾನು ಕಂಡಿಲ್ಲ. ಕಾನೂನು ಬರುವ ಮುಂಚಿನ ವರ್ಷ ಸರ್ಕಾರ ಸಾಲದಲ್ಲಿ ಮುಳುಗಿ ಏಳು ತಿಂಗಳು ಪಿಂಚಣಿ ಕೊಟ್ಟಿರಲಿಲ್ಲ. ಆಗ ಅತ್ತೆ ಮಾವನವರ ಬಿ.ಪಿ. ಗುಳಿಗೆಯನ್ನು ಅಡಕೊತ್ತಿನಲ್ಲಿ ಎರಡು ಹೋಳು ಮಾಡಿ ಕೊಡುತ್ತಿದ್ದರಂತೆ. ಆಮೇಲೆ ನಾಲ್ಕು ಹೋಳು. ಮಾವನವರು ಐದನೆಯ ತಿಂಗಳಲ್ಲಿ ತೀರಿಕೊಂಡರು. ಆ ಅಡಕೊತ್ತು ಈಗಲೂ ದೇವರ ಗೂಡಿನಲ್ಲಿದೆ, ಅಡಿಕೆಗೆ ಬೇರೆಯದು ಇದೆ.

ಆ ಆಷಾಢದಲ್ಲಿ ನಾನು ಗಮನಿಸಿದ್ದು ಕುಸುಬಿ ಎಣ್ಣೆಯ ಡಬ್ಬಿಯನ್ನು. ಅಮಾವಾಸ್ಯೆಗೆ ತುಂಬಿಸಿದ್ದು ಹುಣ್ಣಿಮೆಗೆ ಮುಂಚೆಯೇ ತಳ ಕಂಡಿತ್ತು. ನಾನು ಡಬ್ಬಿಯ ಹೊರಗೆ ಸೀಸದಕಡ್ಡಿಯಲ್ಲಿ ಗೆರೆ ಎಳೆದಿಟ್ಟೆ. ಮೂರು ದಿನಗಳಲ್ಲಿ ಎಣ್ಣೆ ಗೆರೆಯಿಂದ ಎರಡು ಬೆರಳು ಇಳಿಯಿತು.

ಊಟಕ್ಕೆ ಕೂತಾಗ ಕೇಳಿದೆ. "ಎಣ್ಣಿ ಎಲ್ಲಿ ಹೊಂಟದ?"

ಅತ್ತೆ ರೊಟ್ಟಿ ಮುರಿಯುತ್ತ ಮಗನ ಕಡೆ ನೋಡಿದರು. ನನ್ನ ಗಂಡ ಬಸವಂತ ಊರ ಹೊಳೆಗೆ ಅಡ್ಡ ಕಟ್ಟಿದ ಬ್ಯಾರೇಜಿನಲ್ಲಿ ಗೇಟ್ ಎತ್ತುವ ಕೆಲಸದವನು. ಅವನು ಪಲ್ಯ ಕಲಸುತ್ತಲೇ ಹೇಳಿದ. "ಏಳನೇ ಗೇಟಿಗೆ ಒಗ್ಗರಣಿ ಹಾಕ್ತೀನಿ."

"ನಗಚಾಟಿ ಮಾಡಬ್ಯಾಡ."

"ನಗಚಾಟಿ ಅಲ್ಲ. ಎತ್ತುವಾಗ ಸರಪಳಿ ಹಂಗ ಕಿರುಗುಟ್ಟತದ, ಹೊಳಿ ಆಚೆಕಡಿ ನಾಯಿ ಬೊಗಳ್ತಾವ. ಎಣ್ಣಿ ಬಿಟ್ಟರ ಎರಡು ದಿನ ಸುಮ್ಮನಿರ್ತದ."

"ಅದಕ್ಕ ಗ್ರೀಸ್ ಇರೂದಿಲ್ಲೇನು?"

"ನಾ ಸೇರಿದಾಗಿಂದ ಡಬ್ಬಿ ಮುಖಾ ಕಂಡಿಲ್ಲ. ಹಿರ್ಯಾರು ಅಂತಿದ್ರು, ಮೊದಲ ದಸರಾಕ್ಕೊಮ್ಮೆ ಬರ್ತಿತ್ತಂತ."

ಅತ್ತೆ ನಕ್ಕರು. "ಸರ್ಕಾರದ ಗೇಟಿಗೆ ನನ್ನ ಮನಿ ಎಣ್ಣಿ. ನಡೀಲಿ, ಸರ್ಕಾರ ನನಗೂ ಕೊಡ್ತದಲ್ಲ."

ನನಗೆ ನಗು ಬರಲಿಲ್ಲ. ದಸರಾಕ್ಕೊಮ್ಮೆ ಎಂಬ ಮಾತು ಊಟ ಮುಗಿದು ತಟ್ಟೆ ತೊಳೆಯುವಾಗಲೂ ತಲೆಯಲ್ಲಿತ್ತು.

ಮರುದಿನ ತೂಕದ ಕೋಣೆಯಲ್ಲಿ ದುರಸ್ತಿಯ ಮೆಟ್ಟಿಲನ್ನು ತೆರೆದು ನೋಡಿದೆ. ಬ್ಯಾರೇಜಿನ ಹೆಸರಿತ್ತು. ಗೋಡೆಗೆ ಸುಣ್ಣ, ದೀಪದ ಕಂಬ, ಕಚೇರಿಯ ಹೆಂಚು. ಗೇಟುಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಆಮೇಲೆ ನಾನು ಕಾನೂನಿಗೂ ಮುಂಚಿನ ಹಳೆಯ ಬಿಲ್ಲುಗಳಿಗೆ ಹೋದೆ. ಮೂರು ದಿನ ಹುಡುಕಿದ ಮೇಲೆ ಸಿಕ್ಕಿತು. ತಲೆಬರಹ 'ಆಯುಧ ಪೂಜೆ'. ಕೆಳಗೆ, ಯಾರೋ ಗುಮಾಸ್ತರ ದುಂಡಗಿನ ಅಕ್ಷರದಲ್ಲಿ: ಬೂದುಗುಂಬಳ ಹನ್ನೆರಡು, ನಿಂಬೆಹಣ್ಣು ಒಂದು ನೂರು, ಕುಂಕುಮ, ಊದಿನಕಡ್ಡಿ, ಚುರುಮುರಿ ಎರಡು ಚೀಲ, ಗ್ರೀಸ್ ಆರು ಡಬ್ಬಿ, ಸರಪಳಿಯ ಕೊಂಡಿ ಮತ್ತು ಪಿನ್ನು ಇಪ್ಪತ್ತನಾಲ್ಕು, ಫಿಟ್ಟರ್ ಕೂಲಿ ಒಂಬತ್ತು ದಿನ, ಬಾಳೆಕಂಬ.

ಹಿಂದಿನ ವರ್ಷದ ಬಿಲ್ಲೂ ಹಾಗೆಯೇ. ಮೂವತ್ತು ವರ್ಷಗಳ ಬಿಲ್ಲೂ ಹಾಗೆಯೇ. ನಮ್ಮ ಕಡೆ ಆಯುಧ ಪೂಜೆಗೆ ಮುಂಚೆ ಯಂತ್ರ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಾಯಿಸಿ, ಎಣ್ಣೆ ಹಚ್ಚಿ, ಆಮೇಲೆ ಕುಂಕುಮ ಇಡುತ್ತಾರೆ. ಬ್ಯಾರೇಜಿನವರೂ ಹಾಗೇ ಮಾಡುತ್ತಿದ್ದರು, ಬಿಲ್ಲನ್ನೂ ಒಟ್ಟಿಗೇ ಬರೆಯುತ್ತಿದ್ದರು. ಅದರಲ್ಲಿ ಮೋಸವಿರಲಿಲ್ಲ. ತಕ್ಕಡಿ ಬಂದಾಗ ಅದಕ್ಕೆ ತಲೆಬರಹಗಳನ್ನು ಓದಲು ಕಲಿಸಿದರು. ಪೂಜೆ ಎಂದರೆ ಸಮಾರಂಭ. ಸಮಾರಂಭ ಎಂದರೆ ಹತ್ತೊಂಬತ್ತನೆಯ ಮೆಟ್ಟಿಲು. ಅಲ್ಲಿಗೆ ಹಣ ಒಂದು ದಿನವೂ ಇಳಿದಿರಲಿಲ್ಲ. ಬೂದುಗುಂಬಳ ಸಿಬ್ಬಂದಿ ಸ್ವಂತ ಖರ್ಚಿನಲ್ಲಿ ತಂದು ಒಡೆದರು. ಗ್ರೀಸ್ ಯಾರೂ ತರಲಿಲ್ಲ.

ಒಂಬತ್ತು ವರ್ಷ. ಅದರಲ್ಲಿ ಆರು ವರ್ಷ ನಾನು ಹಸಿರು ಒತ್ತಿದ್ದೆ.

ನಾನು ಬಿಲ್ಲು ತೋರಿಸಿದ ಮೇಲೆ, ತಪಾಸಣೆಗೆ ದುಡ್ಡು ಬೇಕಿಲ್ಲವಾದ್ದರಿಂದ, ನವಲಿ ಸರ್ ನೀರಾವರಿ ವಿಭಾಗದ ಎಂಜಿನಿಯರಮ್ಮನನ್ನು ಕರೆಸಿದರು. ನಾನೂ ಬ್ಯಾರೇಜಿಗೆ ಹೋದೆ. ಆಕೆ ಏಳನೆಯ ಗೇಟಿನ ಸರಪಳಿಯನ್ನು ಉಗುರಿನಿಂದ ಕೆರೆದು ಮೂಸಿ ನೋಡಿದರು.

"ಇದಕ್ಕ ಅಡಗಿ ಎಣ್ಣಿ ಹಾಕಿದವ್ರು ಯಾರು?"

ಬಸವಂತ ಟೊಪ್ಪಿಗೆ ತೆಗೆದ. "ನಾನರೀ ಮೇಡಂ."

"ಕುಸುಬಿ ಎಣ್ಣಿ ಗಾಳಿಗೆ ಒಣಗಿ ವಾರ್ನಿಷ್ ಆಗ್ತದ. ಮೇಲ ಧೂಳು ಕೂತು ಕೊಂಡಿಗೋಳು ಒಂದಕ್ಕೊಂದು ಅಂಟ್ಯಾವ. ಬಾಗಬೇಕಾದಲ್ಲಿ ಬಾಗೂದಿಲ್ಲ, ಹಂಗ ತಿಕ್ಕಿ ತಿಕ್ಕಿ ಸವೀತಾವ. ನೋಡ್ರಿ, ಇದು ಅರ್ಧಾ ಉಳಿದಿಲ್ಲ."

"ಮುಂದ?" ಎಂದೆ.

"ಮುಂದೇನು. ಅರ್ಧ ನೀರಿದ್ದಾಗ ಎತ್ತೀತು. ಪೂರ್ತಿ ಪ್ರವಾಹದಾಗ ಎತ್ತಿದರ ಹರೀತದ. ಉಳಿದವು ತಡೀತಾವ, ಇದೊಂದ ಬದಲಾಗಲೇಬೇಕು." ಅವರು ದಂಡೆಯ ಕಡೆ ನೋಡಿದರು. "ಒಂದು ಗೇಟು ತೆರೀಲಿಲ್ಲ ಅಂದ್ರ ನೀರು ಎಡಕ್ಕ ಏರತದ. ಅಲ್ಲಿ ಕೆಳಗಿರೂದು ಯಾವ ಓಣಿ?"

"ನಮ್ಮದರೀ" ಎಂದ ಬಸವಂತ.

ಸರಪಳಿ ಹರಿದಾಗ ಅದರ ತುದಿ ಹಿಂದಕ್ಕೆ ಬಂದು ಹೊಡೆಯುತ್ತದೆ. ಎತ್ತುವವನು ನಿಲ್ಲುವ ಜಾಗ ಅಲ್ಲಿಂದ ನಾಲ್ಕು ಹೆಜ್ಜೆ. ನಾನು ಹೆಜ್ಜೆ ಹಾಕಿ ನೋಡಿದೆ. ಬಸವಂತ ನೋಡದವನ ಹಾಗೆ ನಿಂತಿದ್ದ.

ಮೇಲಿನ ಜಲಾಶಯ ತುಂಬಲು ಮೂರು ವಾರ ಎಂದು ಮಾಹಿತಿ ಬಂದಿತ್ತು.

"ಮೆಟ್ಟಲಾ ಬದಲಿ ಮಾಡೂದು ನನ್ನ ಕೈಯಾಗಿಲ್ಲ" ಎಂದರು ನವಲಿ ಸರ್. "ರಾಜಧಾನ್ಯಾಗಿನ ಸಭಾದವ್ರು ವರ್ಷಕ್ಕೊಮ್ಮೆ ಮಾಡ್ತಾರ. ಅದು ಫಾಲ್ಗುಣದಾಗ. ನಾ ಇವತ್ತ ಪತ್ರ ಬರೀತೀನಿ."

"ಮೂರನೇ ಕಲಮು ಐತಲ್ಲ ಸರ್."

ಅವರು ಕನ್ನಡಕ ತೆಗೆದರು. ಮೂರನೆಯ ಕಲಮನ್ನು ನಾವಿಬ್ಬರೂ ಬಾಯಿಪಾಠ ಬಲ್ಲೆವು. ಹಿಂದೆ ತೀರಿಸಬೇಕಾಗಿದ್ದು ತೀರದೆ ಉಳಿದದ್ದು ಯಾವುದೇ ಇರಲಿ, ತೂಕದ ಕೋಣೆಯವರು ಅದನ್ನು ಬಾಕಿ ಎಂದು ಬರೆದರೆ, ಎಲ್ಲ ಮೆಟ್ಟಿಲುಗಳಿಗಿಂತ ಮೊದಲು ಅದೇ ತೀರಬೇಕು.

"ಬಾಕಿ ಅಂದ್ರ ಮನಷ್ಯಾರಿಗೆ ಇರೂದು ನೀಲಗಂಗಾ. ಗೇಟಿಗೆ ಎಂಥಾ ಬಾಕಿ?"

"ವರ್ಷಾ ಮಾಡಬೇಕಾದ್ದನ್ನ ಮಾಡದ ಮುಂದಿನ ವರ್ಷಕ್ಕ ದೂಡಿದ್ರ ಅದು ಸಾಲ ಅಲ್ಲೇನು ಸರ್? ಬ್ಯಾಂಕಿನ ಬದ್ಲಿ ಗೇಟಿನ ಕಡೆ ತಗೊಂಡೀವಿ. ಬಡ್ಡಿನೂ ಏರೇತಿ. ಆವಾಗ ಗ್ರೀಸ್ ಸಾಕಿತ್ತು, ಈಗ ಸರಪಳೀನ ಬೇಕು."

ಅವರು ಕನ್ನಡಕವನ್ನು ಮೇಜಿನ ಮೇಲಿಟ್ಟರು. ಆಮೇಲೆ ಹೇಳಿದರು. "ಆ ಏಳು ತಿಂಗಳು ಖಜಾನಿ ಕಿಟಕಿಯಾಗ ಕುಂತಾಂವ ನಾನು. ದಿನಾ ಇನ್ನೂರು ಮಂದಿಗೆ ಚೀಟಿ ಕೊಟ್ಟು ಕಳಸ್ತಿದ್ದೆ, ದುಡ್ಡಲ್ಲ. ಈ ವರ್ಷ ತುರ್ತು ಐತಿ, ಅಷ್ಟ ಸಾಲ ಮಾಡೂಣು ಅಂತ ಪ್ರತಿ ವರ್ಷ ಅಂದ ಸರ್ಕಾರ ಅದು. ಒಂದು ಕಿಂಡಿ ತೆಗೆದ್ರ ಸಾಕು, ಎಲ್ಲಾರೂ ಅದರಾಗ ಕೈ ಹಾಕ್ತಾರ. ನಿನ್ನ ಗೇಟು ಖರೇ ಇರಬಹುದು. ನಾಳೆ ಮಂತ್ರಿ ಬಂದು ನನ್ನ ಕಾರೂ ಸವದೈತಿ ಅಂದ್ರ?"

"ಅದಕ್ಕ ಉತ್ತರ ನನ್ನ ಕಡೆ ಇಲ್ಲ ಸರ್. ಆದ್ರ ನಾಕು ಗಂಟೆಗೆ ಯಂತ್ರ ನನ್ನ ಕೇಳ್ತದ. ಹಸಿರು ಒತ್ತಿದ್ರ ನಾ ಸುಳ್ಳು ಹೇಳಿದಂಗ ಆಗ್ತದ."

ಲೆಕ್ಕ ಹಾಕಿ ನೋಡಿದ್ದೆ. ಸರಪಳಿಗೂ ಕೆಲಸಕ್ಕೂ ಮೇಲಿನಿಂದ ಹಣ ತೆಗೆದರೆ ಹನ್ನೊಂದು ದಿನ ಅದು ಹದಿಮೂರನೆಯ ಮೆಟ್ಟಿಲಿನಿಂದ ಕೆಳಗಿಳಿಯುವುದಿಲ್ಲ. ಹೋಬಳಿಯ ಆರುನೂರ ಹನ್ನೆರಡು ಜನರಿಗೆ ಪಿಂಚಣಿ ಬೀಳುವುದಿಲ್ಲ. ನಮ್ಮ ಸಂಬಳವೂ.

ಇದನ್ನು ಅತ್ತೆಗೆ ಹೇಳದೆ ಮಾಡಬಾರದು ಎನಿಸಿತು. ಅವರು ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಾನು ಮೊದಲಿನಿಂದ ಹೇಳಿದೆ, ಕುಂಬಳಕಾಯಿಯನ್ನೂ ಬಿಡದೆ. ಅವರ ಕೈ ನಿಂತಿತು.

"ಹನ್ನೊಂದು ದಿನ ಅಂತ ನೀ ಹೇಳ್ತಿ. ಅವ್ರೂ ಮೊದಲ ಹದಿನೈದು ದಿನ ಅಂದಿದ್ರು."

"ಇದು ಯಂತ್ರದ ಲೆಕ್ಕ, ಅತ್ತಿ."

"ಗಂಡ ಅಲ್ಲಿ ನಿಲ್ತಾನಂತ ಮಾಡ್ತೀಯೇನು?"

ಬಸವಂತ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದವನು ತಲೆ ಎತ್ತಿದ. ನಾನು ಅತ್ತೆಯ ಎದುರಿಗೆ ಕೂತೆ.

"ಹೌದು. ಅದಕ್ಕೂ ಮಾಡ್ತೀನಿ. ಅಲ್ಲಿ ಬ್ಯಾರೆಯವ್ರು ನಿಂತಿದ್ರ ಇಷ್ಟು ಲಗೂನ ಕಣ್ಣಿಗೆ ಬೀಳ್ತಿರಲಿಲ್ಲ. ಆದ್ರ ಬಿದ್ದ ಮ್ಯಾಲ ಸುಮ್ಮನಿರಾಕ ಆಗೂದಿಲ್ಲ."

ಅತ್ತೆ ಎದ್ದು ಒಳಗೆ ಹೋದರು. ದೇವರ ಗೂಡಿನ ಹತ್ತಿರ ಸದ್ದಾಯಿತು. ಹೊರಗೆ ಬಂದಾಗ ಅವರ ಕೈಯಲ್ಲಿ ಗುಳಿಗೆಯ ಡಬ್ಬಿಯಿತ್ತು.

"ನನ್ನವು ಹದಿನಾಲ್ಕು ದಿನಕ್ಕ ಅದಾವ. ಬಾಜೂ ಮನಿ ಮಾಬೂಬಿದು ಎಷ್ಟದಾವೋ ಗೊತ್ತಿಲ್ಲ. ನೀ ಮೊದಲ ಎಲ್ಲಾರನ್ನೂ ಕೇಳು. ಕೇಳಿ, ನಾಕು ದಿನ ಬಿಟ್ಟು ಬರಿ. ನಿಮ್ಮಾವಗ ಯಾರೂ ಮುಂಚೆ ಹೇಳಲಿಲ್ಲ."

ಆ ನಾಲ್ಕು ದಿನ ಬೆಳಿಗ್ಗೆ ನಾನೂ ಅತ್ತೆಯೂ ಮನೆಮನೆಗೆ ಹೋದೆವು. ಬೇರೆ ಓಣಿಗಳಿಗೆ ಅಲ್ಲಿಯ ಹೆಂಗಸರೇ ಹೋದರು. ಪಕ್ಕದ ಮನೆಯ ಮಾಬೂಬಿ, ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು, ನನ್ನನ್ನು ಒಳಗೆ ಕರೆಯಲಿಲ್ಲ. ಹೊಸ್ತಿಲಲ್ಲೇ ಕೇಳಿದಳು. "ಸರ್ಕಾರ ಸಾಲಾ ಮಾಡೂದಿಲ್ಲ ಅಂತ ಆಣಿ ಮಾಡೇತಿ. ಹೌದಲ್ಲ? ಮತ್ತ ನನ್ನ ದುಡ್ಡು ತಗೊಂಡು ಸರಪಳಿ ತರೂದಕ್ಕ ಏನಂತಾರ?"

"ಕಡಿತ ಅಂತಾರ."

"ಹೆಸರು ಚಲೋ ಐತಿ" ಎಂದಳು. ಸ್ವಲ್ಪ ಹೊತ್ತಿಗೆ ಅತ್ತೆಯ ಮುಖ ನೋಡಿ, ಪಿಂಚಣಿ ನಿಂತ ದಿನದಿಂದ ತನ್ನ ಸಕ್ಕರೆ ಕಾಯಿಲೆಯ ಗುಳಿಗೆ ಐದೇ ದಿನಕ್ಕೆ ಸಾಲುತ್ತದೆ ಎಂದು ಹೇಳಿದಳು. ನಾನು ಬರೆದುಕೊಂಡೆ.

ಐದನೆಯ ದಿನ ನಾಲ್ಕು ಗಂಟೆಗೆ ನವಲಿ ಸರ್ ನನ್ನ ಹಿಂದೆ ಬಂದು ನಿಂತರು. ತಡೆಯಲು ಬಂದರೋ ಏನೋ ಎಂದುಕೊಂಡೆ. ಅವರು ಕೈ ಕಟ್ಟಿಕೊಂಡು ನಿಂತರು, ಅಷ್ಟೆ.

ಕೆಂಪು ಗುಂಡಿ ಸಿಕ್ಕಿಕೊಳ್ಳಲಿಲ್ಲ.

'ಯಾರಿಗೆ?' ಎಂದು ಯಂತ್ರ ಕೇಳಿತು. ಏಳನೆಯ ಗೇಟು ಎಂದು ಬರೆದೆ. ಅಂಥ ಹೆಸರಿಲ್ಲ ಎಂದಿತು. ನಾನು ಚೀಟಿ ತೆಗೆದೆ. ಗೇಟಿನ ಮೇಲೆ ಹಿತ್ತಾಳೆಯ ತಗಡಿನಲ್ಲಿದ್ದ ಸರ್ಕಾರಿ ಸಂಖ್ಯೆಯನ್ನು ಬರೆದುಕೊಂಡು ಬಂದಿದ್ದೆ. ಅದನ್ನು ಒತ್ತಿದಾಗ ಯಂತ್ರ ಒಪ್ಪಿತು. 'ಎಷ್ಟು ಕಾಲದಿಂದ?' ಒಂಬತ್ತು ವರ್ಷ.

ನಾಲ್ಕೂಕಾಲಿಗೆ ಓಣಿಯಲ್ಲಿ ಒಂದು ಫೋನೂ ಟಿಣ್ ಎನ್ನಲಿಲ್ಲ. ಚಹಾಕ್ಕೆ ಮಾತ್ರ ಅತ್ತೆ ನೀರಿಟ್ಟಿದ್ದರು.

ಹನ್ನೊಂದು ದಿನ ಸುಲಭವಿರಲಿಲ್ಲ. ಹೇಳಿ ಮಾಡಿದರೂ ಹಸಿವು ಹಸಿವೇ. ಸಂತೆಯಲ್ಲಿ ಒಬ್ಬ ಮುದುಕ ನನ್ನನ್ನು ನೋಡಿ, "ಬಂದಳು ನೋಡ್ರಿ, ಗೇಟಿನ ಸೊಸಿ" ಎಂದು ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ. ಮಾಬೂಬಿಯ ಗುಳಿಗೆ ಆರನೆಯ ದಿನ ತೀರಿತು. ನಾವು ಬೇರೆ ಓಣಿಯಿಂದ ತಂದದ್ದು ಎರಡು ದಿನ ತಡವಾಗಿತ್ತು, ಅಷ್ಟರಲ್ಲಿ ಅವಳ ಎಡಗಾಲಿನ ಹಳೆಯ ಹುಣ್ಣು ಕೆರಳಿತ್ತು. ಕಿರುಬೆರಳನ್ನು ತೆಗೆಯಬೇಕಾಯಿತು. ಆ ಮಾತನ್ನು ನಾನು ಸುತ್ತಿ ಬಳಸಿ ಹೇಳಲಾರೆ. ನಾನು ಗುಂಡಿ ಒತ್ತಿದ್ದರಿಂದ ಹಾಗಾಯಿತು.

ಆಸ್ಪತ್ರೆಯಲ್ಲಿ ಅವಳು ನನ್ನ ಕೈಗೆ ಒಂದು ಕಾಗದ ಕೊಟ್ಟಳು. ಹನ್ನೊಂದು ದಿನಗಳ ತಾರೀಖನ್ನು ಬರೆದಿದ್ದಳು, ಒಂದರ ಕೆಳಗೊಂದು. "ಇದು ನಿನ್ನ ಯಂತ್ರದಾಗ ಎಲ್ಲೈತಿ, ಹುಡುಕು" ಎಂದಳು.

ಹುಡುಕಿದೆ. ಎಲ್ಲಿಯೂ ಇರಲಿಲ್ಲ. ಹಿಂದಿನ ದಿನಗಳಲ್ಲಿ ಯಂತ್ರ ತೋರಿಸಿದ ಬಾಕಿ ಗೇಟಿನದು ಮಾತ್ರ, ಅದು ತೀರಿತ್ತು. ಲೆಕ್ಕ ಸರಿಯಿತ್ತು.

ಹೊಸ ಸರಪಳಿ ಕೂಡಿಸಿದ ಐದನೆಯ ದಿನ ಹೊಳೆ ಬಂತು. ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಕೆಂಪಾಗಿ ದಂಡೆಯ ಕಲ್ಲು ಮುಟ್ಟಿತು. ನಾನು ತೂಕದ ಕೋಣೆಯ ಕಿಟಕಿಯಲ್ಲಿ ನಿಂತಿದ್ದೆ, ಅಲ್ಲಿಂದ ಬ್ಯಾರೇಜಿನ ತುದಿ ಮಾತ್ರ ಕಾಣುತ್ತದೆ. ಫೋನು ಬಂತು. ಬಸವಂತ.

"ಕೇಳು" ಎಂದ.

ಕಿವಿಗೆ ಒತ್ತಿ ಹಿಡಿದೆ. ನೀರಿನ ಮೊರೆತ. ಬೇರೇನಿಲ್ಲ.

"ಏನೂ ಕೇಳಸವಲ್ದು."

"ಏಳನೇದು ಏರಲಿಕ್ಕತ್ತೈತಿ. ಅದನ್ನ ಕೇಳಸಾಕ ಫೋನ್ ಮಾಡಿದ್ದು."

ಎಡದಂಡೆಯಲ್ಲಿ ನೀರು ಏರಲಿಲ್ಲ. ಸಂಜೆ ಕುಂಬಾರ ಓಣಿಯ ಜನ ಮನೆ ಮುಂದೆ ನಿಂತು ಹೊಳೆ ನೋಡಿದರು.

ಶ್ರಾವಣದಲ್ಲಿ ಸಮಿತಿ ಬಂತು. ಕಾನೂನಿಗೆ ಹತ್ತು ವರ್ಷ ತುಂಬುವ ಮುಂಚೆ, ಅದು ಇರಬೇಕೋ ಬೇಡವೋ ಎಂದು ಹೋಬಳಿಹೋಬಳಿಗೂ ಬಂದು ಕೇಳಬೇಕೆಂಬ ನಿಯಮವಿತ್ತು. ಶಾಲೆಯ ಪ್ರಾರ್ಥನಾ ಮಂದಿರದಲ್ಲಿ ಮೂವರು ಸದಸ್ಯರು ಕೂತರು. ನವಲಿ ಸರ್ ಕಾನೂನು ಇರಬೇಕೆಂದು ಮಾತಾಡಿದರು, ಚೀಟಿಗಳ ಕಥೆ ಹೇಳಿದರು, ಜನ ಸುಮ್ಮನೆ ಕೇಳಿದರು. ನಾನು ಬರೆದುಕೊಂಡು ಹೋಗಿದ್ದನ್ನು ಓದಿದೆ. ಸವೆತವನ್ನು ಸಾಲವೆಂದು ಬರೆಯಬೇಕು. ಮೂವತ್ತು ವರ್ಷ ಬಾಳುವ ಸರಪಳಿಯನ್ನು ಹನ್ನೊಂದು ದಿನಗಳ ಪಿಂಚಣಿಯಿಂದ ಕೊಳ್ಳಬಾರದು, ಅಂಥದ್ದಕ್ಕೆ ಸರ್ಕಾರ ಅಳತೆಯಲ್ಲಿ ಸಾಲ ಮಾಡಿ ಮೂವತ್ತು ವರ್ಷ ತೀರಿಸುವ ಹಾಗಿರಬೇಕು.

ಸಮಿತಿಯ ಅಧ್ಯಕ್ಷರು ವಯಸ್ಸಾದವರು, ಸೌಜನ್ಯದಿಂದಲೇ ಕೇಳಿದರು. "ಆದರೆ ತಾಯಿ, ಸಾಲ ಮಾಡದೆಯೇ ಗೇಟು ಸರಿಯಾಯಿತಲ್ಲ. ಅಂದರೆ ಕಾನೂನು ಗೆದ್ದ ಹಾಗಾಯಿತಲ್ಲವೇ?"

ಹಿಂದಿನಿಂದ ಅತ್ತೆ ಎದ್ದು ನಿಂತರು.

"ಸಾಹೇಬರ, ನಾ ಸಾಲಾ ಬ್ಯಾಡ ಅನ್ನಾಕಿ. ಈಗೂ ಅಂತೀನಿ. ಆದ್ರ ಸಾಲಾ ಮಾಡಿಲ್ಲ ಅಂತ ಅನಬ್ಯಾಡ್ರಿ. ಹನ್ನೊಂದು ದಿನ ನಾವು ಕೊಟ್ಟೀವಿ. ಈ ಮಾಬೂಬಿ ಬೆರಳೂ ಕೊಟ್ಟಾಳ. ಬ್ಯಾಂಕಿನವ ಕೊಟ್ಟಿದ್ರ ಅವನ ಹೆಸರು ಬರ್ಕೋತಿದ್ರಿ. ನಮ್ಮ ಹೆಸರು ಬರ್ಕೋರಿ. ಯಾವಾಗ ತೀರಸ್ತೀರಿ ಅನ್ನೂದನ್ನ ಆಮ್ಯಾಲ ಹೇಳೀರಂತ."

ಅಧ್ಯಕ್ಷರು ಪೆನ್ನು ಎತ್ತಿಕೊಂಡು, ಇದಕ್ಕೆ ನಮೂನೆಯಲ್ಲಿ ಜಾಗವಿಲ್ಲವೆಂದು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು. ವರದಿ ಬರಲು ಆರು ತಿಂಗಳಾಗುತ್ತದೆ ಎಂದು ಹೇಳಿ ಅವರು ಮುಂದಿನ ಊರಿಗೆ ಹೊರಟರು.

ನಾನು ಕಚೇರಿಗೆ ಹೋದೆ. ನಾಲ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಆರುನೂರ ಹನ್ನೆರಡು ಹೆಸರುಗಳ ಪಟ್ಟಿಯನ್ನು ಮೇಜಿನ ಮೇಲೆ ಹರಡಿದೆ. ಏನಾಗುತ್ತದೆಂದು ಲೆಕ್ಕ ಹಾಕಿದ್ದೆ. ಇವರ ಹನ್ನೊಂದು ದಿನಗಳನ್ನು ದಿನಕ್ಕೊಂದರಂತೆ ಬಾಕಿ ಎಂದು ಬರೆದರೆ ಯಂತ್ರ ಇವತ್ತಿನ ಪಿಂಚಣಿಯ ಹಣದಿಂದ ಆ ಮೊದಲನೆಯ ದಿನದ್ದನ್ನು ತೀರಿಸುತ್ತದೆ, ನಾಳೆಯದರಿಂದ ಎರಡನೆಯ ದಿನದ್ದನ್ನು. ದುಡ್ಡು ದಿನವೂ ಬೀಳುತ್ತದೆ, ಫೋನು ಟಿಣ್ ಎನ್ನುತ್ತದೆ. ಆದರೆ ತೀರದೆ ಉಳಿಯುವ ಇವತ್ತಿನದನ್ನು ನಾನು ಮತ್ತೆ ಬಾಕಿ ಎಂದು ಬರೆಯುತ್ತೇನೆ, ನಾಳೆಯದನ್ನೂ. ಸರ್ಕಾರ ಯಾವಾಗಲೂ ಅವರಿಗೆ ಹನ್ನೊಂದು ದಿನ ಹಿಂದೆ ಇರುತ್ತದೆ, ಅದು ರಾಜಧಾನಿಯ ಪರದೆಯ ಮೇಲೆ ಪ್ರತಿದಿನ ಕೆಂಪಗೆ ಕಾಣುತ್ತದೆ, ಸಭೆ ಕೂತು ಏನಾದರೂ ಮಾಡುವ ತನಕ. ಆಗ ನನ್ನ ಕೆಲಸ ಹೋಗಬಹುದು. ಅದನ್ನೂ ಲೆಕ್ಕಕ್ಕೆ ಹಿಡಿದಿದ್ದೆ.

ನವಲಿ ಸರ್ ಬಂದು ಎದುರಿಗೆ ಕುರ್ಚಿ ಎಳೆದುಕೊಂಡರು. ಪಟ್ಟಿ ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಅದನ್ನು ತಮ್ಮ ಕಡೆಗೆ ತಿರುಗಿಸಿದರು.

"ನಿನ್ನ ಮಾತು ನನಗ ಇನ್ನೂ ಪೂರಾ ಒಪ್ಪಿಗಿ ಇಲ್ಲ" ಎಂದರು. "ಆದ್ರ ಚೀಟಿ ಕೊಟ್ಟು ಕಳಿಸಿದವರ ಹೆಸರನ್ನ ಆವಾಗ ನಾನೂ ಬರಕೊಂಡಿರಲಿಲ್ಲ. ನಾ ಓದ್ತೀನಿ, ನೀ ಒತ್ತು."

ನಾಲ್ಕು ಗಂಟೆಗೆ ತಕ್ಕಡಿ ಕೇಳಿತು. ಕೆಂಪು ಒತ್ತಿದೆ. 'ಯಾರಿಗೆ?' ಎಂದಿತು.

"ಮಾಬೂಬಿ, ಗಂಡ ದಾವಲಸಾಬ, ಕುಂಬಾರ ಓಣಿ" ಎಂದು ನವಲಿ ಸರ್ ಓದಿದರು. ಬರೆದೆ. ತಮ್ಮ ಹೆಸರು ಎಲ್ಲರದೂ ಆದ ಮೇಲೆ ಬರಲಿ ಎಂದು ಅತ್ತೆ ಮೊದಲೇ ಹೇಳಿದ್ದರು.

'ಇನ್ನೂ ಯಾರಿಗಾದರೂ ಬಾಕಿ ಇದೆಯೇ?'

ಇದೆ ಎಂದು ಒತ್ತಿದೆ.